ಫ್ರಿಡ್ಜಿಗೆ ಡಿಗ್ರಿ ಕಲಿಸುವ ಡಬ್ಬಿ

ಸಿಂಗಲ್ ಡೋರ್ ಫ್ರಿಡ್ಜಿನ ಬಾಗಿಲು ತೆಗೆದರೆ ಬಲ್ಬಿನ ಪಕ್ಕದಲ್ಲಿ ಒಂದು ತಿರುಗುಗುಂಡಿ ಇರುತ್ತದೆ. ಅದರ ಸುತ್ತ ಒಂದರಿಂದ ಐದೋ ಏಳೋ ಅಂಕಿಗಳು. ಐದು ಎಂದರೆ ಐದು ಡಿಗ್ರಿ ಎಂದುಕೊಂಡವರು ಬಹಳ ಮಂದಿ. ಡಿಗ್ರಿ ಕಡಿಮೆಯಾದರೆ ತಂಪು ಜಾಸ್ತಿ ಎಂಬ ಲೆಕ್ಕದಲ್ಲಿ ಬೇಸಿಗೆ ಬಂದ ಕೂಡಲೇ ಗುಂಡಿಯನ್ನು ಒಂದಕ್ಕೆ ತಿರುಗಿಸಿ, ಹಾಲು ಒಡೆದ ಮೇಲೆ ಫ್ರಿಡ್ಜನ್ನು ಬೈದವರೂ ಇದ್ದಾರೆ. ಆ ಅಂಕಿಗಳಿಗೂ ಡಿಗ್ರಿಗೂ ನೇರ ಸಂಬಂಧವಿಲ್ಲ. ಅಂಕಿ ದೊಡ್ಡದಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಅಷ್ಟೇ ಅದರ ಅರ್ಥ. ತಟ್ಟೆಯ ಮೇಲಿಟ್ಟ ಹಾಲಿನ ಪಾತ್ರೆ ಎಷ್ಟು ಡಿಗ್ರಿಯಲ್ಲಿದೆ ಎಂದು ಆ ಗುಂಡಿ ಹೇಳುವುದಿಲ್ಲ. ಹೇಳೋಣವೆಂದರೆ ಅದಕ್ಕೂ ಗೊತ್ತಿಲ್ಲ.

ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಇಡುವ ಮನೆಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಡಿಗ್ರಿ ಲೆಕ್ಕ ತಪ್ಪಿದರೆ ಕೆಡುವ ವಸ್ತು ಮನೆಯಲ್ಲಿದ್ದಾಗ ಮಾತು ಬೇರೆ. ಅಂಥ ಮನೆಗಳಿಗೆಂದೇ ಒಂದು ಸಣ್ಣ ಡಬ್ಬಿ ಬಂದಿದೆ. ಫ್ರಿಡ್ಜಿನ ಹೊರಗೆ ಕೂತು, ಒಳಗೆ ಒಂದು ಸಣ್ಣ ತಂತಿ ಇಳಿಬಿಟ್ಟು, ಅಂಕಿ ತೋರಿಸುತ್ತಾ, ಕಂಪ್ರೆಸರ್ ಯಾವಾಗ ಓಡಬೇಕು ಯಾವಾಗ ನಿಲ್ಲಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಟೆಂಪರೇಚರ್ ಕಂಟ್ರೋಲರ್. ಬೆಲೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ. ಇದನ್ನು ಜೋಡಿಸುವುದು ಹೇಗೆ, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಈ ಬರಹದ ವಿಷಯ.

ಹುಳುವಿನ ಮನೆಗೆ ಥರ್ಮಾಮೀಟರ್, ಔಷಧಿಯ ಮನೆಗೆ ಅಂದಾಜು

ಹಿರಿಯೂರು ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಂತೆ ಇರುವ ಧರ್ಮಪುರ ಹೋಬಳಿಯಲ್ಲಿ ಅಂಥ ಮನೆಗಳು ಸಿಗುತ್ತವೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ನೆಲ ಇದು. ಶೇಂಗಾ, ತೆಂಗು, ಒಂದಿಷ್ಟು ಹೂವು, ಬೋರ್‌ವೆಲ್ ಕೈಹಿಡಿದ ಕಡೆ ಹಿಪ್ಪುನೇರಳೆ. ಏಪ್ರಿಲ್ ಹೊತ್ತಿಗೆ ಶೀಟಿನ ಮನೆಯೊಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಜಾವ ದೋಸೆ ಹಿಟ್ಟು ಉಬ್ಬುವುದಿಲ್ಲ.

ರೇಷ್ಮೆ ಸಾಕುವ ಮನೆಯವರಿಗೆ ಡಿಗ್ರಿಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ಮರಿಯಾಗಲು 25 ಡಿಗ್ರಿ, ಚಾಕಿ ಎನ್ನುವ ಎಳೆಯ ಹುಳುವಿಗೆ 27ರಿಂದ 28 ಡಿಗ್ರಿ ಮತ್ತು ಶೇ 80ರ ಮೇಲಿನ ತೇವ, ಹಣ್ಣಾಗುವ ಮುಂಚಿನ ದೊಡ್ಡ ಹುಳುವಿಗೆ 24–25 ಡಿಗ್ರಿ ಮತ್ತು ಶೇ 70ರಷ್ಟು ತೇವ. ಈ ಅಂಕಿಗಳು ಅವರ ಬಾಯಲ್ಲೇ ಇರುತ್ತವೆ. ಹುಳು ಮನೆಯ ಗೋಡೆಗೆ ಒಣ ಬುರುಡೆ, ಹಸಿ ಬುರುಡೆಯ ಜೋಡಿ ಥರ್ಮಾಮೀಟರ್ ತೂಗಿರುತ್ತದೆ. ಸೆಕೆ ಏರಿದರೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಾರೆ, ಚಳಿ ಬಿದ್ದರೆ ಹೀಟರ್ ಇಡುತ್ತಾರೆ. ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಗೂಡಿನ ತೂಕದಲ್ಲಿ ಅದು ಕಾಣುತ್ತದೆ ಎಂಬುದನ್ನು ನಷ್ಟ ತಿಂದೇ ಕಲಿತವರು ಅವರು.

ಅಂಥದೇ ಮನೆಯ ಅಡುಗೆಕೋಣೆಯ ಫ್ರಿಡ್ಜಿನಲ್ಲಿ, ಬಾಗಿಲ ಗೂಡಿನಲ್ಲಿ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಾಟಲಿ ಇರುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ಎಸೆಯಬೇಕು. ಬಾಗಿಲ ಗೂಡು ಫ್ರಿಡ್ಜಿನಲ್ಲೇ ಹೆಚ್ಚು ಏರಿಳಿತದ ಜಾಗ. ಫ್ರೀಜರಿನ ಕೆಳಗಿನ ಟ್ರೇ ಹೆಪ್ಪುಗಟ್ಟುವ ಜಾಗ. ಎರಡರ ನಡುವೆ ಎಲ್ಲಿ 2ರಿಂದ 8 ಇದೆ ಎಂಬುದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಅಲ್ಲಿ ಥರ್ಮಾಮೀಟರ್ ಇಲ್ಲ. ಹುಳುವಿಗೆ ಸಿಕ್ಕಿದ ಮರ್ಯಾದೆ ಔಷಧಿಗೆ ಸಿಕ್ಕಿಲ್ಲ.

ಬೀಜ ಕಾಪಾಡುವವರದೂ ಇದೇ ಕತೆ. ಬೀಜದ ತೇವ ಶೇ 1ರಷ್ಟು ಇಳಿದರೆ, ಇಲ್ಲವೇ ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಇಳಿದರೆ, ಬೀಜದ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಹೇಳಿದ ನಿಯಮ. ಶೇಂಗಾ ಮೂಟೆಯನ್ನು ಯಾರೂ ಫ್ರಿಡ್ಜಿನಲ್ಲಿ ಇಡುವುದಿಲ್ಲ. ಆದರೆ ಕೈಹಿಡಿಯಷ್ಟು ನಾಟಿ ಬದನೆ, ಅವರೆ, ಸೋರೆ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಬಾಟಲಿಗೆ ಹಾಕಿ ಸ್ಥಿರವಾದ ತಂಪಿನಲ್ಲಿಟ್ಟರೆ ಎಷ್ಟೋ ವರ್ಷ ಮೊಳಕೆ ಉಳಿಯುತ್ತದೆ. ಬಾಟಲಿ ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು; ಹೊರಗಿನ ಬಿಸಿಗೆ ಅದು ಬರುವ ತನಕ ಕಾಯದಿದ್ದರೆ ಗಾಳಿಯ ತೇವ ಬೀಜದ ಮೇಲೆ ಕೂರುತ್ತದೆ. ಇನ್ನು ಕೆಲವಕ್ಕೆ ಹೆಚ್ಚು ತಂಪೇ ಶತ್ರು. ಬಾಳೆಹಣ್ಣು ಸುಮಾರು 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗುತ್ತದೆ, ಟೊಮೆಟೊ ತೀರ ತಂಪಿನಲ್ಲಿ ರುಚಿ ಕಳೆದುಕೊಳ್ಳುತ್ತದೆ. ತಣ್ಣಗಿದೆ ಎಂದರೆ ಸಾಲದು, ಎಷ್ಟು ತಣ್ಣಗೆ ಎಂದು ಗೊತ್ತಿರಬೇಕು.

ಫ್ರಿಡ್ಜ್ ಯಾವುದನ್ನು ಅಳೆಯುತ್ತದೆ?

ಸಿಂಗಲ್ ಡೋರ್ ಫ್ರಿಡ್ಜಿನ ಥರ್ಮೋಸ್ಟ್ಯಾಟ್ ಬಹಳ ಸರಳ ಯಂತ್ರ. ಅದರಿಂದ ಹೊರಡುವ ಕೂದಲಿನಂಥ ತಾಮ್ರದ ಕೊಳವೆಯೊಳಗೆ ಅನಿಲ ತುಂಬಿರುತ್ತದೆ. ಕೊಳವೆಯ ತುದಿ ಫ್ರೀಜರಿನ ತಗಡಿಗೆ ಒತ್ತಿಕೊಂಡಿರುತ್ತದೆ. ತಗಡು ತಣ್ಣಗಾದಂತೆ ಅನಿಲ ಕುಗ್ಗುತ್ತದೆ, ಇನ್ನೊಂದು ತುದಿಯ ಸಣ್ಣ ತಿತ್ತಿ ಮಡಚಿಕೊಳ್ಳುತ್ತದೆ, ಸ್ವಿಚ್ ಟಕ್ಕೆಂದು ಬಿಡುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ತಗಡು ಬಿಸಿಯಾದಾಗ ಮತ್ತೆ ಟಕ್. ಗುಂಡಿ ತಿರುಗಿಸುವುದೆಂದರೆ ಆ ತಿತ್ತಿಗೆ ಎದುರಾಗಿ ನಿಂತ ಸ್ಪ್ರಿಂಗನ್ನು ಬಿಗಿ ಮಾಡುವುದು ಅಥವಾ ಸಡಿಲಿಸುವುದು.

ಅಂದರೆ ಅದು ಅಳೆಯುವುದು ಫ್ರೀಜರಿನ ತಗಡನ್ನು, ನಡುತಟ್ಟೆಯ ಹಾಲನ್ನಲ್ಲ. ಒಲೆ ಮುಟ್ಟಿ ನೋಡಿ ಅನ್ನ ಬೆಂದಿದೆ ಎಂದು ಹೇಳುವ ಹಾಗೆ. ಬೇಸಿಗೆಯಲ್ಲಿ ಗೋಡೆಗಳಿಂದ, ಬಾಗಿಲ ರಬ್ಬರಿನ ಸಂದಿಯಿಂದ ಒಳಗೆ ಸೆಕೆ ನುಗ್ಗುತ್ತಿರುವಾಗ ತಗಡು ತನ್ನ ಗುರಿ ಮುಟ್ಟಿದರೂ ಕೆಳಗಿನ ತಟ್ಟೆ 9–10 ಡಿಗ್ರಿಯಲ್ಲೇ ಉಳಿದಿರಬಹುದು. ಅದೇ ಗುಂಡಿ ಅದೇ ಅಂಕಿಯಲ್ಲಿದ್ದರೂ ಡಿಸೆಂಬರಿನಲ್ಲಿ ಮೇಲಿನ ತಟ್ಟೆಯ ಹಿಂಭಾಗದಲ್ಲಿ ಸೌತೆಕಾಯಿ ಗಾಜಿನಂತೆ ಹೆಪ್ಪುಗಟ್ಟಿರಬಹುದು. ಫ್ರಿಡ್ಜ್ ಕೆಟ್ಟಿಲ್ಲ. ಅದು ತನಗೆ ವಹಿಸಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ವಹಿಸಿದ ಕೆಲಸ ನಮಗೆ ಬೇಕಾದದ್ದಲ್ಲ.

ಥರ್ಮೋಸ್ಟ್ಯಾಟೇ ಕೈಕೊಟ್ಟಾಗಿನ ಪಾಡು ಬೇರೆ. ರಿಪೇರಿ ಅಂಗಡಿಗಳಲ್ಲಿ ಕೇಳುವ ಮಾತುಕತೆ ಹೆಚ್ಚೂಕಡಿಮೆ ಹೀಗಿರುತ್ತದೆ:

“ಅಣ್ಣಾ, ಫ್ರಿಡ್ಜು ಕೂಲಿಂಗೇ ಆಗ್ತಿಲ್ಲ. ಗ್ಯಾಸ್ ಹೋಗೈತೆ ಅಂತ ಕಾಣ್ತತೆ, ತುಂಬಿಸ್ಬಿಡು.”

“ಗ್ಯಾಸ್ ಆಮೇಲೆ ನೋಡಾಣ ಬಿಡಕ್ಕ. ಮೊದ್ಲು ಬಾಗ್ಲು ರಬ್ಬರ್ ಹಿಡೀತೈತಾ ನೋಡಿದ್ಯಾ? ಮಿಷನ್ ಕಟ್ ಆಗ್ತೈತಾ, ಓಡ್ತಾನೇ ಇರ್ತೈತಾ?”

ಒಳ್ಳೆಯ ಮೆಕ್ಯಾನಿಕ್ ಕೇಳುವ ಮುಖ್ಯ ಪ್ರಶ್ನೆ ಇದೇ: ಕಟ್ ಆಗ್ತೈತಾ? ಕಟ್ ಆಗದೆ ಓಡುತ್ತಲೇ ಇದ್ದರೆ ಒಂದು ದಾರಿ, ಓಡಲೇ ಇಲ್ಲವೆಂದರೆ ಇನ್ನೊಂದು ದಾರಿ. ಥರ್ಮೋಸ್ಟ್ಯಾಟ್ ಹೋಗಿದೆ, ಆ ಮಾಡೆಲ್ಲಿನ ಹೊಸದು ಸಿಗುತ್ತಿಲ್ಲ ಎಂದಾದರೆ ಅದರ ಜಾಗಕ್ಕೂ ಈ ಹೊರಗಿನ ಕಂಟ್ರೋಲರ್ ಬರಬಹುದು.

ಡಬ್ಬಿಯ ಹೊಟ್ಟೆಯಲ್ಲಿ

ಬಿಸಿಯನ್ನು ಬಿಸಿಯೇ ಕಾಯುವಂತೆ ಮಾಡುವ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ 17ನೇ ಶತಮಾನದ ಆರಂಭದಲ್ಲಿ, ಕೋಳಿಮೊಟ್ಟೆ ಮರಿ ಮಾಡಿಸುವ ಒಲೆಗೆ ಪಾದರಸದ ಏರಿಳಿತದಿಂದ ಗಾಳಿಕಿಂಡಿ ಮುಚ್ಚಿ ತೆರೆಯುವ ಏರ್ಪಾಟು ಮಾಡಿದ್ದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆಯ ಪ್ರಾಧ್ಯಾಪಕನಾಗಿದ್ದ ವಾರನ್ ಜಾನ್ಸನ್‌ಗೆ ಪಾಠದ ನಡುವೆ ಜವಾನ ಬಂದು ಥರ್ಮಾಮೀಟರ್ ನೋಡಿ ಹೋಗುವುದು ಕಿರಿಕಿರಿಯಾಗಿತ್ತು. ಅವನು ವಿದ್ಯುತ್ ಥರ್ಮೋಸ್ಟ್ಯಾಟಿಗೆ ಪೇಟೆಂಟ್ ಪಡೆದದ್ದು 1883ರಲ್ಲಿ.

ನಮ್ಮ ಡಬ್ಬಿಯ ಕಣ್ಣು ಬೇರೆ ಜಾತಿಯದು. ಸಿಲ್ವರ್ ಸಲ್ಫೈಡ್ ಬಿಸಿಯಾದಷ್ಟೂ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ ಎಂದು ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದ. ಲೋಹಗಳ ಸ್ವಭಾವಕ್ಕೆ ಇದು ತಲೆಕೆಳಗು. ಅದೇ ಗುಣದ ಮಣಿಯನ್ನು ಈಗ ಥರ್ಮಿಸ್ಟರ್ ಎನ್ನುತ್ತೇವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಣಿಯ ಪ್ರತಿರೋಧ 25 ಡಿಗ್ರಿಯಲ್ಲಿ 10,000 ಓಮ್. ಶೂನ್ಯಕ್ಕೆ ಇಳಿದಾಗ ಅದರ ಸುಮಾರು ಮೂರು ಪಟ್ಟು. ಡಬ್ಬಿಯೊಳಗಿನ ಚಿಪ್ ಆ ಪ್ರತಿರೋಧವನ್ನು ಓದಿ ಡಿಗ್ರಿಯಾಗಿ ತೋರಿಸುತ್ತದೆ. ಗುರಿ ಮೀರಿದರೆ ರಿಲೇಗೆ ಹೇಳುತ್ತದೆ, ರಿಲೇ ಟಕ್ಕೆಂದು ಕಂಪ್ರೆಸರಿಗೆ ಕರೆಂಟು ಕೊಡುತ್ತದೆ.

ಪೇಟೆಯಲ್ಲಿ ಹೆಚ್ಚು ಸಿಗುವ ಎಸ್‌ಟಿಸಿ-1000 ಮಾದರಿಯ ಡಬ್ಬಿಯಲ್ಲಿ ನಾಲ್ಕು ಸೆಟ್ಟಿಂಗ್ ಇರುತ್ತವೆ. ಎಫ್1 ಎಂದರೆ ಬೇಕಾದ ಡಿಗ್ರಿ. ಎಫ್2 ಎಂದರೆ ಅಂತರ: ಗುರಿಗಿಂತ ಎಷ್ಟು ಡಿಗ್ರಿ ಮೇಲೇರಿದ ಮೇಲೆ ಮತ್ತೆ ಓಡಬೇಕು ಎಂಬುದು. ಎಫ್3 ಎಂದರೆ ನಿಂತ ಕಂಪ್ರೆಸರ್ ಮತ್ತೆ ಓಡುವ ಮುಂಚೆ ಎಷ್ಟು ನಿಮಿಷ ಕಾಯಬೇಕು ಎಂಬುದು. ಎಫ್4 ಎಂದರೆ ಅಂಕಿಯ ತಪ್ಪು ತಿದ್ದುವುದು. ಎಲ್ಲ ಡಬ್ಬಿಗಳೂ ಹೀಗೇ ಇರುವುದಿಲ್ಲ. ಜೊತೆಗೆ ಬರುವ ಚೀಟಿಯನ್ನು ಓದಲೇಬೇಕು.

ಮೊದಲು ಫ್ರಿಡ್ಜ್ ಯಾವುದು ನೋಡಿ

ಈ ಡಬ್ಬಿ ಹೊಂದುವುದು ಹಳೆಯ ಬಗೆಯ, ತಿರುಗುಗುಂಡಿಯ, ಐಸ್ ಕಟ್ಟುವ ಸಿಂಗಲ್ ಡೋರ್ ಫ್ರಿಡ್ಜಿಗೆ. ಅಂಗಡಿಗಳಲ್ಲಿ ಇದಕ್ಕೆ ಡೈರೆಕ್ಟ್ ಕೂಲ್ ಎನ್ನುತ್ತಾರೆ. ಮೇಲ್ಮುಚ್ಚಳದ ಡೀಪ್ ಫ್ರೀಜರನ್ನು ಫ್ರಿಡ್ಜಿನಂತೆ ಬಳಸಬೇಕೆನ್ನುವವರಿಗೂ ಹೊಂದುತ್ತದೆ.

ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಡ್ಜಿನಲ್ಲಿ ಒಳಗೊಂದು ಫ್ಯಾನ್, ಐಸ್ ಕರಗಿಸುವ ಹೀಟರ್, ಅದಕ್ಕೊಂದು ಟೈಮರ್ ಅಥವಾ ಬೋರ್ಡ್ ಇರುತ್ತದೆ. ಹೊರಗಿನಿಂದ ಪದೇ ಪದೇ ಕರೆಂಟು ಕಡಿದರೆ ಆ ಲೆಕ್ಕವೆಲ್ಲ ತಪ್ಪಿ, ಒಳಗೆ ಐಸ್ ಕಟ್ಟಿ ಗಾಳಿಯ ದಾರಿಯೇ ಮುಚ್ಚಬಹುದು. ಇನ್ವರ್ಟರ್ ಕಂಪ್ರೆಸರಿನ ಫ್ರಿಡ್ಜ್ ವೇಗ ಹೆಚ್ಚುಕಡಿಮೆ ಮಾಡುತ್ತಾ ನಿಧಾನವಾಗಿ ಓಡಲೆಂದೇ ಕಟ್ಟಿದ್ದು. ಅದನ್ನು ಆನ್-ಆಫ್ ಮಾಡುವುದರಲ್ಲಿ ಅರ್ಥವಿಲ್ಲ. ಇವೆರಡಕ್ಕೂ ಕಂಟ್ರೋಲರ್ ಬೇಡ. ಒಳಗೊಂದು ಥರ್ಮಾಮೀಟರ್ ಇಟ್ಟು, ಅದರದೇ ಗುಂಡಿಯಲ್ಲಿ ಸರಿಮಾಡಿಕೊಂಡರೆ ಸಾಕು.

ಇನ್ನೊಂದು ಮಾತು. ಫ್ರಿಡ್ಜಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಒಳಗಿರುವುದು ಐಸೋಬ್ಯುಟೇನ್, ಬೆಂಕಿ ಹಿಡಿಯುವ ಅನಿಲ. ಹತ್ತಾರು ಗ್ರಾಂ ಅಷ್ಟೇ ಇರುತ್ತದೆ, ಕೊಳವೆ ಭದ್ರವಾಗಿರುವ ತನಕ ಭಯವಿಲ್ಲ. ಆದರೆ ಸೆನ್ಸರ್ ತಂತಿ ಒಳಗೆ ಬಿಡಲೆಂದು ಗೋಡೆಗೆ ಡ್ರಿಲ್ ಹಾಕಿದರೆ ಗ್ಯಾಸಿನ ಕೊಳವೆಯೇ ತೂತಾಗಬಹುದು. ಈಗಿನ ಫ್ರಿಡ್ಜುಗಳಲ್ಲಿ ಆ ಕೊಳವೆಗಳು ಪಕ್ಕದ ಗೋಡೆಯೊಳಗೇ ಓಡಾಡುತ್ತವೆ. ಯಾವ ಫ್ರಿಡ್ಜಿಗೂ ತೂತು ಹಾಕಬಾರದು. ಸೆನ್ಸರ್ ತಂತಿ ತೆಳ್ಳಗಿರುತ್ತದೆ, ಬಾಗಿಲಿನ ಹಿಂಜ್ ಇರುವ ಕಡೆ ರಬ್ಬರಿನ ಅಡಿಯಲ್ಲಿ ನುಸುಳಿಸಿದರೆ ಬಾಗಿಲು ಸರಿಯಾಗಿಯೇ ಮುಚ್ಚುತ್ತದೆ. ಕಿಡಿ ಹಾರುವ ರಿಲೇ ಡಬ್ಬಿ ಯಾವತ್ತೂ ಹೊರಗಿರಬೇಕು.

ತಂತಿಯ ದಾರಿ

ಈ ಕೆಲಸದಲ್ಲಿ ಫ್ರಿಡ್ಜನ್ನು ಬಿಚ್ಚುವುದೇ ಇಲ್ಲ. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮುಖಕ್ಕೆ ಕಂಟ್ರೋಲರ್, ಪಕ್ಕದಲ್ಲಿ ಮೂರು ಪಿನ್ನಿನ ಸಾಕೆಟ್, ಗೋಡೆಗೆ ಹೋಗಲು ಮೂರು ಎಳೆಯ ಕೇಬಲ್ ಮತ್ತು ಪ್ಲಗ್. ಫ್ರಿಡ್ಜಿನ ಪ್ಲಗ್ ಗೋಡೆಯ ಬದಲು ಈ ಪೆಟ್ಟಿಗೆಯ ಸಾಕೆಟ್ಟಿಗೆ ಬರುತ್ತದೆ. ಬೇಡವೆನಿಸಿದ ದಿನ ಕಿತ್ತು ಮತ್ತೆ ಗೋಡೆಗೆ ಚುಚ್ಚಬಹುದು.

ಮೂರು ತಂತಿಗೂ ಮೂರು ದಾರಿ. ಹಸಿರು ಅರ್ತ್, ಪ್ಲಗ್ಗಿನಿಂದ ಸೀದಾ ಸಾಕೆಟ್ಟಿಗೆ. ನಡುವೆ ಯಾವ ಸ್ವಿಚ್ಚೂ ಇಲ್ಲ, ಯಾವ ಕಡಿತವೂ ಇಲ್ಲ. ನ್ಯೂಟ್ರಲ್, ಅಂದರೆ ಕಪ್ಪು ಅಥವಾ ನೀಲಿ, ಎರಡು ಕವಲಾಗುತ್ತದೆ: ಒಂದು ಕಂಟ್ರೋಲರಿನ ತನ್ನ ಊಟಕ್ಕೆ, ಇನ್ನೊಂದು ಸೀದಾ ಸಾಕೆಟ್ಟಿಗೆ. ಫೇಸ್, ಅಂದರೆ ಕೆಂಪು ಅಥವಾ ಕಂದು, ಕೂಡ ಎರಡು ಕವಲು: ಒಂದು ಕಂಟ್ರೋಲರಿನ ಊಟಕ್ಕೆ, ಇನ್ನೊಂದು ರಿಲೇಯ ಒಂದು ಕಾಲಿಗೆ. ರಿಲೇಯ ಇನ್ನೊಂದು ಕಾಲಿನಿಂದ ಸಾಕೆಟ್ಟಿನ ಫೇಸಿಗೆ.

ಎಸ್‌ಟಿಸಿ-1000ದ ಬೆನ್ನಿನಲ್ಲಿ 1 ಮತ್ತು 2 ಕರೆಂಟಿಗೆ, 3 ಮತ್ತು 4 ಸೆನ್ಸರಿಗೆ, 5 ಮತ್ತು 6 ಬಿಸಿ ಮಾಡುವ ರಿಲೇಗೆ, 7 ಮತ್ತು 8 ತಂಪು ಮಾಡುವ ರಿಲೇಗೆ. ಹೊಸದಾಗಿ ಕೈಹಾಕುವವರು ಎಡವುವುದು 7 ಮತ್ತು 8ರಲ್ಲಿ. ಅಲ್ಲಿಂದ ಕರೆಂಟು ಹೊರಬರುತ್ತದೆ ಎಂದುಕೊಂಡು ಫ್ರಿಡ್ಜಿನ ಎರಡೂ ತಂತಿಯನ್ನು ಅಲ್ಲಿಗೇ ಸಿಕ್ಕಿಸಿ, ಏನೂ ಓಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅದು ಬರೀ ಸ್ವಿಚ್, ಒಳಗೆ ಕರೆಂಟಿಲ್ಲ. 1ರಲ್ಲಿರುವ ಫೇಸಿನಿಂದ ಒಂದು ತುಂಡು ತಂತಿ 7ಕ್ಕೆ ಎಳೆದರೆ ಮಾತ್ರ 8ರಿಂದ ಫೇಸ್ ಹೊರಡುತ್ತದೆ. ಸೆನ್ಸರಿನ 3, 4ಕ್ಕೆ ಮನೆಯ ಕರೆಂಟು ತಗುಲಿದರೆ ಡಬ್ಬಿಯ ಕತೆ ಅಲ್ಲಿಗೇ ಮುಗಿಯಿತು.

ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಮನೆಯ ಸಣ್ಣ ಫ್ರಿಡ್ಜ್ ಓಡುವಾಗ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ಆದರೆ ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಬರೆದಿರುವ 10 ಆಂಪಿಯರ್ ಇಸ್ತ್ರಿಪೆಟ್ಟಿಗೆಯಂಥ ಸಾಧು ಹೊರೆಗೆ; ಮೋಟರಿಗೆ ಅಷ್ಟು ತಡೆಯುವುದಿಲ್ಲ. ಹಳೆಯ ದೊಡ್ಡ ಕಂಪ್ರೆಸರಾದರೆ ನಡುವೆ ಒಂದು ದೊಡ್ಡ ರಿಲೇ ಅಥವಾ ಕಾಂಟ್ಯಾಕ್ಟರ್ ಹಾಕಿಸುವುದು ಲೇಸು. ತಂತಿ 1.5 ಚದರ ಮಿ.ಮೀ. ತಾಮ್ರದ್ದು ಇರಲಿ, ಟರ್ಮಿನಲ್ ಸ್ಕ್ರೂ ಬಿಗಿಯಾಗಿರಲಿ; ಸಡಿಲ ಸ್ಕ್ರೂ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುತ್ತದೆ. ಪೆಟ್ಟಿಗೆಯಿಲ್ಲದ ಬರೀ ಬೋರ್ಡುಗಳು ಇನ್ನೂ ಅಗ್ಗಕ್ಕೆ ಸಿಗುತ್ತವೆ. 230 ವೋಲ್ಟ್ ಹರಿಯುವ ರಿಲೇಯನ್ನು ಹಾಗೆ ತೆರೆದಿಟ್ಟು, ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ತೂಗುಹಾಕುವುದು ಸಾವನ್ನು ಕರೆದಂತೆ. ಟೆಸ್ಟರ್ ಹಿಡಿದು ಅಭ್ಯಾಸವಿಲ್ಲದವರು ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಗೇ ಕೊಡಬೇಕು. ಅರ್ಧ ಗಂಟೆಯ ಕೆಲಸ ಅದು.

ಒಣನೆಲದ ಅರ್ತ್, ತೋಟದ ಮನೆಯ ಕರೆಂಟು

ಊರ ಕರೆಂಟಿನ ಗುಣ ತಿಳಿಯದೆ ಡಬ್ಬಿ ಕೂರಿಸಿದರೆ ಅರ್ಧ ಕೆಲಸ. ಫ್ರಿಡ್ಜಿನ ಮೈ ತಗಡು. ಒಳಗೆ ಎಲ್ಲೋ ಫೇಸ್ ತಗುಲಿದರೆ ಅದು ನೆಲಕ್ಕಿಳಿಯಲು ಅರ್ತ್ ದಾರಿ ಬೇಕು. ಹಿರಿಯೂರು, ಚಳ್ಳಕೆರೆ ಕಡೆಯ ಒಣ ಗರಸು ನೆಲದಲ್ಲಿ ಬೇಸಿಗೆ ಬಂದರೆ ಅರ್ತ್ ಗುಂಡಿಯೂ ಒಣಗುತ್ತದೆ. ಒಣಮಣ್ಣು ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಪೈಪ್ ನಿಲ್ಲಿಸಿ ನೀರು ಹೊಯ್ಯುತ್ತಿರಬೇಕು ಎಂಬ ಹಳೆಯ ಪದ್ಧತಿಗೆ ಕಾರಣವೇ ಅದು. ಮನೆ ಕಟ್ಟಿದಾಗ ಹಾಕಿದ ಅರ್ತ್ ಗುಂಡಿ ಎಲ್ಲಿದೆ ಎಂಬುದೇ ಎಷ್ಟೋ ಮನೆಗಳಲ್ಲಿ ಮರೆತುಹೋಗಿರುತ್ತದೆ. ಅದನ್ನು ಹುಡುಕಿ ನೀರು ಹಾಕುವುದು, ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು, ಇವೆರಡೂ ಕಂಟ್ರೋಲರ್ ಕೊಳ್ಳುವುದಕ್ಕಿಂತ ಮೊದಲಿನ ಖರ್ಚು.

ಎರಡನೆಯದು ಕರೆಂಟು ಹೋಗಿ ಬರುವುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರ್ಪಡಿಸಿದ ಮೇಲೆ ಊರೊಳಗಿನ ಪಾಡು ಸುಧಾರಿಸಿದೆ. ಪಂಪ್‌ಸೆಟ್ ಲೈನಿನಲ್ಲೇ ಇರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿಯುವುದು, ಕರೆಂಟು ಕಣ್ಣುಮುಚ್ಚಾಲೆಯಾಡುವುದು ಇನ್ನೂ ಇದೆ. ಕರೆಂಟು ಹೋಗಿ ಅರ್ಧ ನಿಮಿಷದಲ್ಲಿ ಬಂದರೆ ಕಂಪ್ರೆಸರಿಗೆ ಕಷ್ಟ. ಆಗ ಕೊಳವೆಯ ಒಂದು ಬದಿಯಲ್ಲಿ ಗ್ಯಾಸಿನ ಒತ್ತಡ ಇನ್ನೂ ಹೆಚ್ಚಿರುತ್ತದೆ. ಆ ಒತ್ತಡದ ಎದುರು ಮೋಟರ್ ಏಳಲಾರದೆ ಗುಂಯ್ ಎಂದು ಬಿಸಿಯಾಗುತ್ತದೆ, ಓವರ್‌ಲೋಡ್ ಟಕ್ಕೆಂದು ಬಿಡುತ್ತದೆ. ಎಫ್3ಯನ್ನು ಮೂರು ನಿಮಿಷಕ್ಕೋ ಐದು ನಿಮಿಷಕ್ಕೋ ಇಟ್ಟರೆ, ಒತ್ತಡ ಸಮವಾಗುವ ತನಕ ಡಬ್ಬಿ ಕಾಯುತ್ತದೆ. ಆ ಹೊತ್ತಿನಲ್ಲಿ ದೀಪ ಮಿನುಗುತ್ತಿರುತ್ತದೆ. ಕೆಟ್ಟಿದೆ ಎಂದುಕೊಂಡು ಪ್ಲಗ್ ಕಿತ್ತು ಹಾಕಬಾರದು. ವೋಲ್ಟೇಜ್ ಇಳಿಯುವುದನ್ನು ಈ ಡಬ್ಬಿ ತಡೆಯದು. ಅದಕ್ಕೆ ಸ್ಟೆಬಿಲೈಸರೇ ಬೇಕು, ಅದು ಡಬ್ಬಿಗಿಂತ ಮೊದಲು, ಗೋಡೆಯ ಕಡೆ ಇರಬೇಕು.

ಮನೆಯವರಿಗೆ ಮೊದಲೇ ಹೇಳಿಡಬೇಕಾದ ಇನ್ನೊಂದು ಸಂಗತಿ: ಡಬ್ಬಿ ಕರೆಂಟು ಕಡಿದಾಗ ಫ್ರಿಡ್ಜಿನ ಒಳಗಿನ ಬಲ್ಬೂ ಹತ್ತುವುದಿಲ್ಲ. ಬಾಗಿಲು ತೆಗೆದವರು “ಫ್ರಿಡ್ಜು ಸತ್ತೋಯ್ತು” ಎಂದು ಗಾಬರಿಯಾಗುತ್ತಾರೆ.

ಸೆನ್ಸರ್ ಎಲ್ಲಿ, ಅಂಕಿ ಎಷ್ಟು

ಡಬ್ಬಿ ಕೂರಿಸುವ ಉದ್ದೇಶವೇ ಅಳತೆಯನ್ನು ಫ್ರೀಜರಿನ ತಗಡಿನಿಂದ ವಸ್ತುವಿನ ಪಕ್ಕಕ್ಕೆ ತರುವುದು. ಹಾಗಾಗಿ ಸೆನ್ಸರಿನ ಜಾಗವೇ ಎಲ್ಲಕ್ಕಿಂತ ಮುಖ್ಯ. ಗಾಳಿಯಲ್ಲಿ ಸುಮ್ಮನೆ ತೂಗುಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಅಂಕಿ ಜಿಗಿಯುತ್ತದೆ, ಕಂಪ್ರೆಸರ್ ಸುಮ್ಮಸುಮ್ಮನೆ ಎದ್ದೇಳುತ್ತದೆ. ದೊಡ್ಡ ನೀರಿನ ಬಾಟಲಿಯೊಳಗೆ ಮುಳುಗಿಸಿದರೆ ನೀರು ತಣ್ಣಗಾಗುವ ಹೊತ್ತಿಗೆ ಪಕ್ಕದ ವಸ್ತು ಹೆಪ್ಪುಗಟ್ಟಿರಬಹುದು. ನಡುದಾರಿ ಎಂದರೆ ಔಷಧಿಯ ಬಾಟಲಿಯಷ್ಟೇ ಗಾತ್ರದ ಸಣ್ಣ ಬಾಟಲಿಗೆ ನೀರು ತುಂಬಿ, ಸೆನ್ಸರನ್ನು ಅದರ ಹೊರಮೈಗೆ ಟೇಪಿನಿಂದ ಅಂಟಿಸಿ, ಕಾಪಾಡಬೇಕಾದ ವಸ್ತುವಿನ ಪಕ್ಕದಲ್ಲೇ ನಡುತಟ್ಟೆಯಲ್ಲಿಡುವುದು.

ಇಡುವ ಮುಂಚೆ ಅದರ ಅಂಕಿ ನಿಜವೇ ಎಂದು ನೋಡಬೇಕು. ಐಸನ್ನು ಪುಡಿಮಾಡಿ, ಸ್ವಲ್ಪ ನೀರು ಬೆರೆಸಿ ಲೋಟದಲ್ಲಿ ಕಲಕಿ, ಸೆನ್ಸರಿನ ತುದಿ ಅದ್ದಿ. ಕೆಲವು ನಿಮಿಷಕ್ಕೆ ಶೂನ್ಯ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ಎಫ್4ರಲ್ಲಿ ತಿದ್ದಬಹುದು. ಐಸ್ ನೀರಿಗಿಂತ ನಂಬಿಕಸ್ಥ ಅಳತೆಗೋಲು ಮನೆಯಲ್ಲಿ ಇನ್ನೊಂದಿಲ್ಲ.

ಇನ್ಸುಲಿನ್ ಇಡುವ ಫ್ರಿಡ್ಜಿಗೆ ಗುರಿ 4, ಅಂತರ 2 ಎಂದಿಟ್ಟರೆ 6ಕ್ಕೆ ಓಡಲು ಶುರುವಾಗಿ 4ಕ್ಕೆ ನಿಲ್ಲುತ್ತದೆ. ನಿಂತ ಮೇಲೂ ತಗಡಿನಲ್ಲಿ ಉಳಿದ ತಂಪಿಗೆ ಇನ್ನೊಂದು ಡಿಗ್ರಿ ಇಳಿಯಬಹುದು. ಆದರೂ 2ರಿಂದ 8ರೊಳಗೇ ಉಳಿದಂತಾಯಿತು. ಅಂತರವನ್ನು ಅರ್ಧ ಡಿಗ್ರಿಗೆ ಇಳಿಸುವ ಆಸೆ ಬೇಡ. ಕಂಪ್ರೆಸರ್ ಪದೇ ಪದೇ ಎದ್ದು ಬಿದ್ದು ಬೇಗ ಸವೆಯುತ್ತದೆ.

ಫ್ರಿಡ್ಜಿನ ಸ್ವಂತ ಗುಂಡಿಯನ್ನು ಏನು ಮಾಡುವುದು? ಪೂರ್ತಿ ತಿರುಗಿಸಿಡಿ, ಎಲ್ಲ ಅಧಿಕಾರ ಡಬ್ಬಿಗೇ ಇರಲಿ ಎಂದು ಹಲವರು ಹೇಳುತ್ತಾರೆ. ಔಷಧಿ ಇಡುವವರು ಹಾಗೆ ಮಾಡಬಾರದು. ಕರೆಂಟು ಎರಡು ಸ್ವಿಚ್ಚನ್ನೂ ದಾಟಿಯೇ ಕಂಪ್ರೆಸರಿಗೆ ಹೋಗಬೇಕು, ಯಾವುದು ಬಿಟ್ಟರೂ ಕಂಪ್ರೆಸರ್ ನಿಲ್ಲುತ್ತದೆ. ಡಬ್ಬಿಯ ರಿಲೇ ಕಿಡಿಗೆ ಬೆಸೆದು ಅಂಟಿಕೊಂಡರೆ ಅದು ಕರೆಂಟು ಕಡಿಯುವುದೇ ಇಲ್ಲ. ಆಗ ಒಳಗಿನ ಥರ್ಮೋಸ್ಟ್ಯಾಟ್ ಕಾವಲಿಗೆ ಇರಬೇಕು. ಅದನ್ನು ನಡುವಿನ ಅಂಕಿಗಿಂತ ಒಂದೇ ಒಂದು ಮೇಲಿಟ್ಟರೆ, ಡಬ್ಬಿ ಕೆಟ್ಟ ದಿನವೂ ಒಳಗಿನದೆಲ್ಲ ಮಂಜುಗಡ್ಡೆಯಾಗುವುದು ತಪ್ಪೀತು. ಸೆನ್ಸರ್ ತಂತಿ ಇಲಿ ಕಡಿದು ತುಂಡಾದರೆ ಹೆಚ್ಚಿನ ಡಬ್ಬಿಗಳು ಕೂಗಿಕೊಂಡು ರಿಲೇ ಬಿಟ್ಟುಬಿಡುತ್ತವೆ. ಆಗ ಕೆಡುವುದು ಬಿಸಿಯಿಂದ.

ಇರುವುದು ಒಂದೇ ಕಂಪ್ರೆಸರ್, ತೀರ್ಮಾನವೂ ಒಂದೇ ಎಂಬುದನ್ನು ಮರೆಯಬಾರದು. ನಡುತಟ್ಟೆ 4–6 ಡಿಗ್ರಿಯಲ್ಲಿರಬೇಕು ಎಂದಾದರೆ ಮೇಲಿನ ಫ್ರೀಜರ್ ಏನಾದರೂ ಆಗಲಿ ಎಂದು ಒಪ್ಪಿಕೊಳ್ಳಬೇಕು. ಐಸ್‌ಕ್ರೀಮ್ ಮೆತ್ತಗಾದರೆ ದೂರುವಂತಿಲ್ಲ.

ಸತ್ತ ಫ್ರಿಡ್ಜಿಗೂ ಕೆಲಸ

ಡಬ್ಬಿಯ 5 ಮತ್ತು 6ರ ಬಿಸಿ ರಿಲೇಯನ್ನು ಕೇಳುವವರಿಲ್ಲ. ಗ್ಯಾಸ್ ಹೋಗಿ, ರಿಪೇರಿಗೆ ಬಾರದೆ, ಬಟ್ಟೆಯನ್ನೋ ಪಾತ್ರೆಯನ್ನೋ ಇಡುವ ಬೀರುವಾಗಿರುವ ಹಳೆಯ ಫ್ರಿಡ್ಜ್ ಹಳ್ಳಿಗಳಲ್ಲಿ ಬೇಕಾದಷ್ಟಿದೆ. ಅದರ ಗೋಡೆಯ ಫೋಮ್ ಇನ್ನೂ ಬಿಸಿ-ತಂಪನ್ನು ತಡೆಯುತ್ತದೆ. ಒಳಗೆ ಪ್ಲಾಸ್ಟಿಕ್ಕಿಗೆ ತಾಗದಂತೆ ತಗಡಿನ ಗೂಡಿನಲ್ಲಿ 40 ವಾಟಿನ ಹಳೆಯ ಬಲ್ಬ್ ಕೂರಿಸಿ, ಅದನ್ನು ಬಿಸಿ ರಿಲೇಗೆ ಕೊಟ್ಟರೆ ಡಿಸೆಂಬರಿನಲ್ಲಿ 30 ಡಿಗ್ರಿ ಹಿಡಿದಿಡುವ ಪೆಟ್ಟಿಗೆ ಸಿದ್ಧ. ಹೋಟೆಲಿನವರ ದೋಸೆ ಹಿಟ್ಟು ಬೆಳಗಿನ ಹೊತ್ತಿಗೆ ಉಬ್ಬುತ್ತದೆ. 40–43 ಡಿಗ್ರಿಗೆ ಇಟ್ಟರೆ ಮೊಸರು ಗಟ್ಟಿಯಾಗಿ ಹೆಪ್ಪಾಗುತ್ತದೆ. ಕೆಲಸಕ್ಕೆ ಕೈಹಾಕುವ ಮುಂಚೆಯೇ ಕಂಪ್ರೆಸರಿನ ತಂತಿಗಳನ್ನು ಪೂರ್ತಿ ಬಿಡಿಸಿರಬೇಕು, ಬಾಗಿಲಿನ ಚಿಲಕ ಒಳಗಿನಿಂದಲೂ ತೆರೆಯುವಂತಿರಬೇಕು. ಆಟವಾಡುವ ಮಕ್ಕಳು ಇಂಥ ಪೆಟ್ಟಿಗೆಯೊಳಗೆ ಅಡಗಿ ಕೂರುವುದುಂಟು.

ಆಸ್ಪತ್ರೆಯ ಫ್ರಿಡ್ಜಿನಿಂದ ಕಲಿಯಬೇಕಾದ್ದು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಗೆ ಐಎಲ್‌ಆರ್ ಎನ್ನುತ್ತಾರೆ. ಒಳಗೋಡೆಯ ಸುತ್ತ ಐಸಿನ ಪದರವಿದ್ದು, ಕರೆಂಟು ಹೋದರೂ ಬಹಳ ಹೊತ್ತು 2ರಿಂದ 8 ಡಿಗ್ರಿ ಉಳಿಸಿಕೊಳ್ಳುತ್ತದೆ. ಮೇಲಿಂದ ತೆರೆಯುವ ಪೆಟ್ಟಿಗೆಯಾದ್ದರಿಂದ ಮುಚ್ಚಳ ತೆಗೆದರೂ ತಂಪು ಗಾಳಿ ಕೆಳಗೇ ಕೂತಿರುತ್ತದೆ. ಪೆಂಟಾವೇಲೆಂಟ್, ಹೆಪಟೈಟಿಸ್-ಬಿಯಂಥ ಲಸಿಕೆಗಳಿಗೆ ಬಿಸಿಗಿಂತಲೂ ಹೆಪ್ಪುಗಟ್ಟುವುದೇ ದೊಡ್ಡ ಅಪಾಯ. ದಿನಕ್ಕೆ ಎರಡು ಸಲ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಮೊದಲಿನಿಂದ ಇದೆ. ಜೊತೆಗೆ 2015ರಿಂದ ದೇಶದಲ್ಲಿ ಹಂತಹಂತವಾಗಿ ಬಂದ ಇ-ವಿನ್ ವ್ಯವಸ್ಥೆಯಲ್ಲಿ ಸಿಮ್ ಹಾಕಿದ ಸೆನ್ಸರ್, ಡಿಗ್ರಿ ಗೆರೆ ದಾಟಿದರೆ ಸಿಬ್ಬಂದಿಯ ಮೊಬೈಲಿಗೆ ಸುದ್ದಿ ಕಳಿಸುತ್ತದೆ.

ಮನೆಯ ಫ್ರಿಡ್ಜ್ ಎಷ್ಟು ಡಬ್ಬಿ ಕೂರಿಸಿದರೂ ಐಎಲ್‌ಆರ್ ಆಗುವುದಿಲ್ಲ. ಲಸಿಕೆಯನ್ನು ಮನೆಯಲ್ಲಿ ಇಡಬಾರದು. ರೇಷ್ಮೆ ಮೊಟ್ಟೆಯ ಶೀತ ನಿದ್ದೆಯದೂ ಹಾಗೆಯೇ: ಬೈವೋಲ್ಟೀನ್ ಮೊಟ್ಟೆಯನ್ನು ಹಂತಹಂತವಾಗಿ ತಣಿಸಿ 5, ಬಳಿಕ 2.5 ಡಿಗ್ರಿಗೆ ಇಳಿಸಿ ತಿಂಗಳುಗಟ್ಟಲೆ ಇಡುವುದು ಬಿತ್ತನೆ ಕೋಠಿಯ ಕೆಲಸ; ಅಡುಗೆಮನೆಯಲ್ಲಿ ಅದರ ಪ್ರಯೋಗ ಬೇಡ. ಇನ್ಸುಲಿನ್ ವಿಷಯದಲ್ಲಿ ಔಷಧಿಯ ಪೊಟ್ಟಣದ ಮೇಲಿನ ಸೂಚನೆ, ವೈದ್ಯರ ಮಾತು ಮೊದಲು. ಬಳಸುತ್ತಿರುವ ಬಾಟಲಿಯನ್ನು ಹೆಚ್ಚಿನ ಕಂಪನಿಗಳ ಪ್ರಕಾರ ಸುಮಾರು ನಾಲ್ಕು ವಾರ 25–30 ಡಿಗ್ರಿಯೊಳಗೆ ಹೊರಗೂ ಇಡಬಹುದು, ಬೇಸಿಗೆಯಲ್ಲಿ ಅದಕ್ಕೆ ಮಣ್ಣಿನ ಮಡಕೆಯ ತಂಪು ಒದಗಿಬರುತ್ತದೆ.

ಆಸ್ಪತ್ರೆಯಿಂದ ಮನೆಗೆ ತರಬಹುದಾದದ್ದು ಆ ಪುಸ್ತಕದ ಪದ್ಧತಿ. ಫ್ರಿಡ್ಜಿನಲ್ಲಿಡುವ ಸಣ್ಣ ಥರ್ಮಾಮೀಟರ್ ಕಂಟ್ರೋಲರಿಗಿಂತಲೂ ಅಗ್ಗ, ಅದಕ್ಕೆ ತಂತಿಯ ಕೆಲಸವೂ ಇಲ್ಲ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿ ಬರೆದಿಟ್ಟರೆ ಫ್ರಿಡ್ಜಿನ ನಡತೆ ಕಣ್ಣಿಗೆ ಕಟ್ಟುತ್ತದೆ. ಬಾಗಿಲಿನ ಸಂದಿಗೆ ಹಾಳೆ ಸಿಕ್ಕಿಸಿ ಎಳೆದಾಗ ಸುಲಭವಾಗಿ ಜಾರಿ ಬಂದರೆ ರಬ್ಬರ್ ಬದಲಿಸಬೇಕು. ಹಿಂಬದಿಯ ಜಾಲರಿ ಗೋಡೆಗೆ ಅಂಟಿದ್ದರೆ ನಾಲ್ಕು ಬೆರಳು ಮುಂದಕ್ಕೆಳೆಯಬೇಕು, ಧೂಳು ಗುಡಿಸಬೇಕು. ಫ್ರೀಜರಿನಲ್ಲಿ ಬೆರಳು ದಪ್ಪ ಐಸ್ ಕಟ್ಟಿದ್ದರೆ ಕರಗಿಸಬೇಕು, ಚಾಕುವಿನಿಂದ ಕೆತ್ತಬಾರದು. ಇಷ್ಟು ಮಾಡಿದ ಮೇಲೆ ಇನ್ನೊಂದು ವಾರ ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಅಂಕಿ ಅಷ್ಟಕ್ಕೇ ಸರಿಹೋಗುತ್ತದೆ, ಕಂಟ್ರೋಲರಿನ ಖರ್ಚು ಉಳಿಯುತ್ತದೆ. ಆದರೂ 2ರಿಂದ 8ರೊಳಗೆ ನಿಲ್ಲುತ್ತಿಲ್ಲ, ನಿಲ್ಲಲೇಬೇಕಾದ ವಸ್ತು ಒಳಗಿದೆ ಎಂದಾದರೆ ಆ ಎರಡು ವಾರದ ಹಾಳೆಯನ್ನು ಮೆಕ್ಯಾನಿಕ್ ಮುಂದಿಡಿ. “ಸ್ವಲ್ಪ ಕೂಲಿಂಗ್ ಜಾಸ್ತಿ ಮಾಡಿಕೊಡಣ್ಣ” ಎಂದು ಕೇಳುವವರಿಗೆ ಸಿಗುವುದು ಅಂದಾಜಿನ ಕೆಲಸ. ನಾಲ್ಕಕ್ಕೆ ನಿಲ್ಲಬೇಕು, ಆರಕ್ಕೆ ಓಡಬೇಕು ಎಂದು ಕೇಳುವವರಿಗೆ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ಮಾರನೆಯ ದಿನವೇ ಗೊತ್ತಾಗುತ್ತದೆ.